ಡೇವಿ ಕ್ರಾಕೆಟ್ ಕಾಂಗ್ರೆಸ್ಸಿನಲ್ಲಿ ಮಾಡಿದ್ದೇನು?

ಕ್ರಾಕೆಟ್ ಕರಡಿ ಬೇಟೆಗಾರನಷ್ಟೇ ಆಗಿದ್ದನೋ, ನಿಜಕ್ಕೂ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಇದ್ದನೋ, ಇದ್ದರೆ ಏನು ಸಾಧಿಸಿದ ಎಂದು ಕೇಳಿದ್ದೀರಿ. ಪಶ್ಚಿಮ ಟೆನೆಸಿಯಿಂದ ಆತ ಮೂರು ಅವಧಿಗೆ ಪ್ರತಿನಿಧಿ ಸಭೆಯಲ್ಲಿದ್ದ: 1827ರಿಂದ 31ರವರೆಗೆ ಎರಡು, 1833ರಿಂದ 35ರವರೆಗೆ ಒಂದು. ಆತ ಹೊತ್ತುಕೊಂಡ ಒಂದು ಮಸೂದೆಯೂ ಆತನ ಕಾಲದಲ್ಲಿ ಕಾನೂನಾಗಲಿಲ್ಲ. ಆದರೂ ಆತನ ರಾಜಕೀಯವನ್ನು ಗಂಭೀರವಾಗಿಯೇ ನೋಡಬೇಕು ಎನ್ನುತ್ತೇನೆ. ಅದರ ಬೇರು ಜಮೀನಿನ ಪ್ರಶ್ನೆಯಲ್ಲಿದೆ.

ಹುಟ್ಟಿದ್ದು 1786ರ ಆಗಸ್ಟ್ 17, ಪೂರ್ವ ಟೆನೆಸಿಯ ಬಡ ಕುಟುಂಬದಲ್ಲಿ. 1813ರಲ್ಲಿ ಕ್ರೀಕ್ ಎಂಬ ಮೂಲನಿವಾಸಿಗಳ ವಿರುದ್ಧದ ಯುದ್ಧಕ್ಕೆ ಸೇರಿದ. ಆಮೇಲೆ ಲಾರೆನ್ಸ್ ಕೌಂಟಿಯಲ್ಲಿ ಸ್ಥಳೀಯ ನ್ಯಾಯಾಧಿಕಾರಿ, 1821ರಲ್ಲಿ ರಾಜ್ಯ ಶಾಸನಸಭೆಯ ಸದಸ್ಯ. ಅದೇ ವರ್ಷ ಪ್ರವಾಹದಲ್ಲಿ ಆತನ ಹಿಟ್ಟಿನ ಗಿರಣಿ ಕೊಚ್ಚಿಹೋಯಿತು. ಸಾಲ ತೀರಿಸಿ ಇನ್ನೂ ಪಶ್ಚಿಮಕ್ಕೆ, ಒಬಿಯನ್ ನದಿಯ ಕಡೆಗೆ ಹೋದ.

ಅಲ್ಲಿನ ಜಮೀನಿನ ವ್ಯವಸ್ಥೆ ತಿಳಿಯದಿದ್ದರೆ ಮುಂದಿನದು ಅರ್ಥವಾಗದು. ಉತ್ತರ ಕ್ಯಾರೊಲೈನಾ ತನ್ನ ಸ್ವಾತಂತ್ರ್ಯ ಯುದ್ಧದ ಸೈನಿಕರಿಗೆ ಟೆನೆಸಿಯಲ್ಲಿ ಜಮೀನಿನ ವಾರಂಟ್, ಅಂದರೆ ಇಷ್ಟು ಎಕರೆ ಪಡೆಯುವ ಹಕ್ಕಿನ ಪತ್ರ, ಕೊಟ್ಟಿತ್ತು. ಆ ಕಾಗದಗಳು ಕೈಯಿಂದ ಕೈಗೆ ಮಾರಾಟವಾಗಿ, ಬಹಳಷ್ಟು ದಲ್ಲಾಳಿಗಳನ್ನು ಸೇರಿದವು. 1818ರಲ್ಲಿ ಚಿಕಸಾ ಮೂಲನಿವಾಸಿಗಳಿಂದ ಪಶ್ಚಿಮ ಭಾಗ ಸರ್ಕಾರದ ಕೈಗೆ ಬಂದಾಗ ವಾರಂಟ್ ಇದ್ದವರು ಮೊದಲು ಫಲವತ್ತಾದ ನೆಲ ಆರಿಸಿ, ಸರ್ವೇ ಮಾಡಿಸಿ, ಪಟ್ಟಾ ಪಡೆದರು. ವಾರಂಟ್ ಇಲ್ಲದ ಬಡವರು ಉಳಿದ ತುಂಡುಗಳಲ್ಲಿ ಗುಡಿಸಲು ಕಟ್ಟಿ, ಕಾಡು ಕಡಿದು ಮೆಕ್ಕೆಜೋಳ ಬಿತ್ತಿದರು. ನಮ್ಮ ಕಡೆಯ ಬಗರ್‌ಹುಕುಂ ಸಾಗುವಳಿದಾರರಂತೆ ಎನ್ನಿ. ಯಾವತ್ತಾದರೂ ಒಬ್ಬ ವಾರಂಟ್ ಹಿಡಿದು ಬಂದರೆ ಹಸನು ಮಾಡಿದ ನೆಲವೆಲ್ಲ ಹೋಯಿತು.

ಉಳಿದ ಖಾಲಿ ಜಮೀನನ್ನು ಒಕ್ಕೂಟ ಸರ್ಕಾರ ಟೆನೆಸಿ ರಾಜ್ಯಕ್ಕೆ ಬಿಟ್ಟುಕೊಡಲಿ, ರಾಜ್ಯ ಅದನ್ನು ಮಾರಿ ಶಿಕ್ಷಣಕ್ಕೆ ಹಣ ಮಾಡಲಿ ಎಂಬುದು ಜೇಮ್ಸ್ ಪೋಕ್‌ನ ಮಸೂದೆ. (ಮುಂದೆ ಅಧ್ಯಕ್ಷನಾದವನು ಇವನೇ.) ಕ್ರಾಕೆಟ್ ಮೊದಲು ಒಪ್ಪಿದ್ದ. ಮಾರಾಟಕ್ಕಿಟ್ಟರೆ ತನ್ನ ಮತದಾರರು ಕೊಳ್ಳಲಾರರು, ಆ ಹಣದ ಕಾಲೇಜುಗಳಿಗೆ ಅವರ ಮಕ್ಕಳು ಹೋಗಲಾರರು ಎಂದು ಮನಗಂಡು 1829ರ ಜನವರಿಯಲ್ಲಿ ತಿದ್ದುಪಡಿ ತಂದ: ಉಳುತ್ತಿರುವವನಿಗೇ ನೇರವಾಗಿ 160 ಎಕರೆ. ಅದು ಬಿತ್ತು. ಉಚಿತವಾಗಿ ಕೊಡುವ ಪದ್ಧತಿ ಶುರುವಾದರೆ ಎಲ್ಲ ರಾಜ್ಯಗಳೂ ಕೇಳುತ್ತವೆ ಎಂಬ ಭಯ ಬೇರೆ ಕಡೆಯ ಸದಸ್ಯರಿಗಿತ್ತು. ಸ್ವಂತ ರಾಜ್ಯದ ಸದಸ್ಯರೂ ಪೋಕ್ ಜೊತೆ ನಿಂತರು. ಕ್ರಾಕೆಟ್, 1829ರಲ್ಲಿ ಅಧ್ಯಕ್ಷನಾದ ಟೆನೆಸಿಯವನೇ ಆದ ಆಂಡ್ರೂ ಜಾಕ್ಸನ್‌ ವಿರೋಧಿಗಳ ಬೆಂಬಲ ಹುಡುಕಿದ್ದರಿಂದ ಬಿರುಕು ದೊಡ್ಡದಾಯಿತು. ಮತ ಎಣಿಸಿ, ಕೊಟ್ಟು ತೆಗೆದುಕೊಂಡು ಬಹುಮತ ಕೂಡಿಸುವ ಕೆಲಸ ಆತನಿಗೆ ಒಗ್ಗಲೇ ಇಲ್ಲ. ಶಾಸಕನಾಗಿ ಆತನ ದೊಡ್ಡ ಕೊರತೆ ಅದೇ.

1830ರ ಮೇ 26ರಂದು ಮೂಲನಿವಾಸಿಗಳನ್ನು ಮಿಸಿಸಿಪಿಯ ಆಚೆಗೆ ಸಾಗಿಸುವ ಜಾಕ್ಸನ್‌ನ ಮಸೂದೆ 102–97ರಲ್ಲಿ ಗೆದ್ದಿತು. ಟೆನೆಸಿಯಿಂದ ವಿರುದ್ಧ ಮತ ಹಾಕಿದವನು ಕ್ರಾಕೆಟ್ ಒಬ್ಬನೇ. ಕ್ರೀಕರ ವಿರುದ್ಧ ಹೋರಾಡಿದ್ದವನು, ಹೊಸ ನೆಲಕ್ಕಾಗಿ ಕಾದಿದ್ದ ಮತದಾರರ ಪ್ರತಿನಿಧಿ ಈ ಮತ ಹಾಕಿದ. ಆತನ ಇಡೀ ಬದುಕಿನಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ಕೆಲಸ ಇದು.

ಆತನ ಚುನಾವಣೆಗಳು ಬಹಳ ಬಿಗಿಯಾಗಿದ್ದವು. 1825ರಲ್ಲಿ 267 ಮತಗಳಿಂದ ಸೋಲು. 1831ರಲ್ಲಿ ವಿಲಿಯಂ ಫಿಟ್ಜ್‌ಜೆರಾಲ್ಡ್ ಎದುರು 586ರಿಂದ ಸೋಲು, 1833ರಲ್ಲಿ ಅವನ ಮೇಲೆಯೇ 173ರಿಂದ ಗೆಲುವು. 1834ರಲ್ಲಿ ಅಧಿವೇಶನ ನಡೆಯುತ್ತಿರುವಾಗಲೇ ಈಶಾನ್ಯದ ನಗರಗಳಲ್ಲಿ ಜಾಕ್ಸನ್ ವಿರೋಧಿಗಳಾದ ವಿಗ್ ಪಕ್ಷದವರ ಆತಿಥ್ಯದಲ್ಲಿ ತಿರುಗಾಡಿದ್ದು ಊರಿನಲ್ಲಿ ಆತನ ವಿರುದ್ಧ ಮಾತಾಯಿತು. 1835ರಲ್ಲಿ ಆಡಂ ಹಂಟ್ಸ್‌ಮನ್ 252 ಮತಗಳಿಂದ ಸೋಲಿಸಿದ.

ಆತನ ಆತ್ಮಕಥೆ ಓದುವುದಾದರೆ ಒಂದು ಎಚ್ಚರಿಕೆ. ಅದು 1834ರಲ್ಲಿ ಕೆಂಟಕಿಯ ಸದಸ್ಯ ಥಾಮಸ್ ಚಿಲ್ಟನ್ ನೆರವಿನಿಂದ, ಮರುವರ್ಷದ ಚುನಾವಣೆಯ ಮೇಲೂ ಕಣ್ಣಿಟ್ಟು ಬಂದದ್ದು. ಜಾಕ್ಸನ್ ಬಗ್ಗೆ ಅಲ್ಲಿರುವ ಮಾತುಗಳನ್ನು ಸಭೆಯ ನಡಾವಳಿಯೊಡನೆ ಹೋಲಿಸಿ ನೋಡಿ.

ಸೋತ ಮೇಲೆ ಹೊಸ ಜಮೀನು ಹುಡುಕಿ ಟೆಕ್ಸಾಸ್‌ಗೆ ಹೋಗಿ, 1836ರ ಮಾರ್ಚ್ 6ರಂದು ಮೆಕ್ಸಿಕೊ ಸೈನ್ಯ ಮುತ್ತಿದ್ದ ಆಲಮೊ ಕೋಟೆಯಲ್ಲಿ ಸತ್ತ. ಮರುವರ್ಷ ಕಾಂಗ್ರೆಸ್ಸಿಗೆ ಗೆದ್ದುಬಂದ ಮಗ ಜಾನ್ ವೆಸ್ಲಿ ಅದೇ ಜಮೀನಿನ ಮಸೂದೆ ಹಿಡಿದು, 1841ರಲ್ಲಿ ಪಾಸು ಮಾಡಿಸಿದ. ಅಪ್ಪ ಕೇಳಿದಂತೆ ಉಚಿತವಾಗಿ ಸಿಗಲಿಲ್ಲ. ಉಳುತ್ತಿದ್ದವರಿಗೆ ಕೊಳ್ಳುವ ಮೊದಲ ಹಕ್ಕು ಸಿಕ್ಕಿತು.