ಸೊನ್ನೆ ಮೈಲಿ ತೋರಿದ್ದು ರನ್‌ವೇಯನ್ನಲ್ಲ

ಪ್ರಶ್ನೆ: 1997ರಲ್ಲಿ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಕೊರಿಯನ್ ಏರ್ ವಿಮಾನ ರಾತ್ರಿ ಇಳಿಯುವಾಗ ಗುಡ್ಡಕ್ಕೆ ಬಡಿಯಿತಂತೆ. ಎಂಜಿನ್ ಚೆನ್ನಾಗಿಯೇ ಇತ್ತಂತೆ. ಮತ್ತೆ ಹೇಗಾಯಿತು? ನಮ್ಮ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೂ ಚಾಮುಂಡಿಬೆಟ್ಟ ಹತ್ತಿರವಲ್ಲವೇ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕೆಟ್ಟಿದ್ದು ವಿಮಾನವಲ್ಲ, ಇಳಿದ ಲೆಕ್ಕ. ಇಳಿಯುವ ವಿಮಾನಕ್ಕೆ ನೆಲದಿಂದ ಎರಡು ರೇಡಿಯೊ ಸಂಕೇತ ಸಿಗುತ್ತದೆ. ಎಡ-ಬಲ ಹೇಳುವುದು ಲೋಕಲೈಸರ್, ಮೇಲೆ-ಕೆಳಗೆ ಹೇಳುವುದು ಗ್ಲೈಡ್‌ಸ್ಲೋಪ್. ಆಗಸ್ಟ್ 6ರ ಆ ರಾತ್ರಿ ಗುವಾಮ್‌ನಲ್ಲಿ ಎರಡನೆಯದು ದುರಸ್ತಿಯಲ್ಲಿತ್ತು, ಸೂಚನೆಯೂ ಹೊರಟಿತ್ತು. ಹಾಗಿದ್ದಾಗ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು: ವಿಮಾನ ಬಡಿದ ಆ ನಿಮಿಟ್ಜ್ ಗುಡ್ಡದ ಮೇಲಿನ ರೇಡಿಯೊ ಕೇಂದ್ರ ದಾಟುವ ತನಕ 1440 ಅಡಿಗಿಂತ ಕೆಳಗೆ ಹೋಗುವಂತಿಲ್ಲ, ದಾಟಿದ ಮೇಲೆ 560.

ಎಡವಟ್ಟು ಇಲ್ಲೇ. ದೂರ ತೋರಿಸುವ ಉಪಕರಣ ಇದ್ದದ್ದೂ ಆ ಕೇಂದ್ರದಲ್ಲೇ, ರನ್‌ವೇಗೆ 3.3 ನಾಟಿಕಲ್ ಮೈಲಿ (ಸುಮಾರು 6 ಕಿ.ಮೀ.) ಮುಂಚೆ. ಅಂಕಿ ಸೊನ್ನೆಗೆ ಬಂದರೆ ಗುಡ್ಡಕ್ಕೆ ಬಂದಂತೆ, ರನ್‌ವೇಗಲ್ಲ. ಮೂರು ಡಿಗ್ರಿ ಇಳಿಜಾರಿನಲ್ಲಿ ಮೈಲಿಗೆ ಸುಮಾರು 300 ಅಡಿ. ಅಂದರೆ ಅಲ್ಲಿ ರನ್‌ವೇಗಿಂತ ಸಾವಿರ ಅಡಿ ಮೇಲಿರಬೇಕಿತ್ತು. ರನ್‌ವೇ ಹತ್ತಿರವೇ ಇದೆಯೆಂದು ಕ್ಯಾಪ್ಟನ್ ತಿಳಿದಿರಬಹುದು ಎಂದಿತು ತನಿಖೆ. ಮಳೆಮೋಡದಲ್ಲಿ ಕಣ್ಣಿಗೇನೂ ಕಾಣುತ್ತಿರಲಿಲ್ಲ, ಅವರು ದಣಿದೂ ಇದ್ದರು. ‘ವಾಪಸ್ ಮೇಲೇರೋಣ’ ಎಂದು ಸಹಪೈಲಟ್ ಹೇಳಿದ್ದು ಬಡಿಯಲು ಆರೇಳು ಸೆಕೆಂಡ್ ಇರುವಾಗ. ಬೋಯಿಂಗ್ 747ರಂಥ ದೈತ್ಯ ವಿಮಾನ ಇಳಿತ ನಿಲ್ಲಿಸಿ ಮೇಲೇಳಲು ಅದು ತೀರ ಕಡಿಮೆ ಸಮಯ. ಕ್ಯಾಪ್ಟನ್ ತಪ್ಪಿದ್ದಕ್ಕಿಂತ, ಪಕ್ಕದಲ್ಲಿದ್ದ ಸಹಪೈಲಟ್, ಫ್ಲೈಟ್ ಎಂಜಿನಿಯರ್ ಇಬ್ಬರೂ ಮೊದಲೇ ಗಟ್ಟಿಯಾಗಿ ತಡೆಯದೆ ಹೋದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. 254 ಮಂದಿಯಲ್ಲಿ 228 ಜನ ಸತ್ತರು.

ನೆಲದಲ್ಲೂ ಕಾವಲಿತ್ತು. ವಿಮಾನ ತೀರ ಕೆಳಗಿಳಿದರೆ ನಿಯಂತ್ರಕರನ್ನು ಎಚ್ಚರಿಸುವ ರೇಡಾರ್ ತಂತ್ರಾಂಶವದು. ಸುಳ್ಳು ಗಂಟೆ ಹೆಚ್ಚಾಯಿತೆಂದು 54 ಮೈಲಿಯೊಳಗೆ ಅದನ್ನು ಬಾಯಿ ಮುಚ್ಚಿಸಿದ್ದರು!

ಮಂಡಕಳ್ಳಿ ವಿಷಯ: ರನ್‌ವೇ ಪೂರ್ವ-ಪಶ್ಚಿಮ, ಬೆಟ್ಟ ಉತ್ತರಕ್ಕೆ, ಇಳಿಯುವ ನೇರದಲ್ಲಿಲ್ಲ. ಬೆಟ್ಟ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಹೆಚ್ಚೆಂದು ಗಾಬರಿಯಾಗಬೇಡಿ, ಮೈಸೂರೇ 750 ಮೀಟರ್ ಮೇಲಿದೆ. ವಿಮಾನಗಳೊಳಗಿನ ಹಳೆಯ ನೆಲ-ಎಚ್ಚರಿಕೆ ಯಂತ್ರ ನೇರ ಕೆಳಗಿನ ನೆಲವನ್ನಷ್ಟೇ ಅಳೆಯುತ್ತಿತ್ತು. ಈಗಿನದು ಜಿಪಿಎಸ್ ಮತ್ತು ಭೂನಕ್ಷೆ ಇಟ್ಟುಕೊಂಡು ಎದುರಿನ ಗುಡ್ಡಕ್ಕೂ ಮುಂಚಿತವಾಗಿಯೇ ಕೂಗುತ್ತದೆ.