ಗಲ್ಲು ಶಿಕ್ಷೆ, ಪೊಲೀಸ್ ಟಾರ್ಚರ್ ಎರಡನ್ನೂ ಕಾನೂನು ಮಾಡಿ ತೆಗಿಯಾಕ ಬರ್ತೈತೇನು?

ಬರ್ತೈತ್ರಿ, ಪಾರ್ಲಿಮೆಂಟ್ ಮನಸ್ಸು ಮಾಡಬೇಕಷ್ಟ. ಗಲ್ಲು ಕೊಡ್ರಿ ಅಂತ ಸಂವಿಧಾನ ಕಡ್ಡಾಯ ಮಾಡಿಲ್ಲ, ಭಾರತೀಯ ನ್ಯಾಯ ಸಂಹಿತೆ (ಯಾವ ಅಪರಾಧಕ್ಕ ಏನು ಶಿಕ್ಷೆ ಅಂತ ಹೇಳೋ ಕಾಯ್ದೆ) ಮತ್ತ ಉಳಿದ ಕಾಯ್ದೆ ತಿದ್ದಿದ್ರ ಆತು, 2015ರಾಗ ಕಾನೂನು ಆಯೋಗನ ಭಯೋತ್ಪಾದನೆ, ದೇಶದ ಮ್ಯಾಲೆ ಯುದ್ಧ ಸಾರಿದ ಕೇಸ್ ಬಿಟ್ಟು ಉಳಿದಿದ್ದಕ್ಕೆಲ್ಲ ತೆಗೀರಿ ಅಂದೈತಿ.

ಟಾರ್ಚರ್ ವಿಷಯ ಇನ್ನೂ ಬ್ಯಾಸರ. ಟಾರ್ಚರ್ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕ ಭಾರತ 1997ರಾಗ ಸಹಿ ಹಾಕಿದ್ರೂ ಇನ್ನೂ ಅನುಮೋದನೆ ಮಾಡಿಲ್ಲ, ಟಾರ್ಚರ್ ತಡೆಯೋ 2010ರ ಬಿಲ್ ಲೋಕಸಭೆ ದಾಟಿದ್ರೂ ರಾಜ್ಯಸಭೆಯಾಗ ಪಾಸಾಗದ ಉಳದು, 2014ರಾಗ ಲೋಕಸಭೆ ವಿಸರ್ಜನೆ ಆದಾಗ ರದ್ದಾತು. ಬಾಯಿ ಬಿಡಿಸಾಕ ಬಡದ್ರ ಈಗ್ಲೂ 7 ವರ್ಷದ ತನಕ ಶಿಕ್ಷೆ ಐತಿ ನೋಡ್ರಿ, ಆದ್ರ ಸಿರುಗುಪ್ಪ ಕಡೆ ಕೂಲಿ ಮಾಡಾವ ಬಡಿಸಿಕೊಂಡ ಸ್ಟೇಷನ್ನಿಗೇ ಹೋಗಿ ಕಂಪ್ಲೇಂಟ್ ಹೆಂಗ ಕೊಡ್ತಾನ? ಅದಕ್ಕ ಪೊಲೀಸರ ಕೈಯಾಗಿಲ್ಲದ ತನಿಖೆ ಬೇಕಂತ ಕಾನೂನಿನಾಗ ಬರೀಲೇಬೇಕು.

ಎರಡೂ ಬ್ಯಾರೆ ಅಲ್ಲ ಮತ್ತ: ಬೆಳಗಾವಿ ಜೈಲಿನಾಗ ಗಲ್ಲು ಕೈದಿನ ವರ್ಷಗಟ್ಟಲೆ ಒಂಟಿ ಇಟ್ಟಿದ್ದಕ್ಕ 2022ರಾಗ ಸುಪ್ರೀಂ ಕೋರ್ಟು ಗಲ್ಲು ತೆಗೆದು, ಕಮ್ಮಿ ಅಂದ್ರೂ 30 ವರ್ಷ ಒಳಗಿರಬೇಕಂತ ಜೀವಾವಧಿ ಜೈಲು ಮಾಡ್ತು.