ಓದುಗರ ಪ್ರಶ್ನೆ–ಉತ್ತರ: ವಂಡರ್‌ಲಾಗೆ ಪ್ಯಾಕೇಜೋ, ನಾವೇ ಬುಕ್ ಮಾಡೋದೋ?

ಪ್ರಶ್ನೆ: ನಾವು ಆರು ಜನ. ಗಂಡ, ಹೆಂಡತಿ, 11 ಮತ್ತು 5 ವರ್ಷದ ಮಕ್ಕಳು, ಅತ್ತೆ, ಮಾವ. ಏಪ್ರಿಲ್‌ನಲ್ಲಿ ಬಿಡದಿಯ ವಂಡರ್‌ಲಾಗೆ ಹೊರಟಿದ್ದೇವೆ. ಟ್ರಾವೆಲ್ಸ್‌ನವರು ಬಸ್ಸು, ಟಿಕೆಟ್, ಊಟ ಸೇರಿಸಿ ತಲೆಗೆ ಇಷ್ಟು ಎಂದು ಪ್ಯಾಕೇಜ್ ಹೇಳುತ್ತಿದ್ದಾರೆ. ತೆಗೆದುಕೊಳ್ಳಬಹುದೇ? — ಹಾಸನ

ಆರು ಜನರಿದ್ದರೆ ಬೇಡ. ಇಬ್ಬರು ಮೂವರು ಇದ್ದಿದ್ದರೆ ಯೋಚಿಸಬಹುದಿತ್ತು, ಏಕೆಂದರೆ ಬಸ್ಸಿನ ಖರ್ಚು ಹಂಚಿಹೋಗುತ್ತದೆ, ಗುಂಪಿನ ಟಿಕೆಟ್‌ಗೆ ಪಾರ್ಕಿನವರೂ ರಿಯಾಯಿತಿ ಕೊಡುತ್ತಾರೆ. ನಿಮ್ಮ ಮನೆಯವರೇ ಒಂದು ಕಾರು ತುಂಬುವಷ್ಟು ಇದ್ದೀರಿ.

‘ತಲೆಗೆ ಇಷ್ಟು’ ಎನ್ನುವ ಲೆಕ್ಕದಲ್ಲಿ ಐದು ವರ್ಷದ ಮಗುವಿಗೂ ದೊಡ್ಡವರ ದರ ಬಿದ್ದಿರುತ್ತದೆ, ಹಿರಿಯರ ರಿಯಾಯಿತಿ ಸೇರಿರುವುದಿಲ್ಲ. ಮೊತ್ತವನ್ನು ಬಿಡಿಸಿ ಕೊಡಲು ಹೇಳಿ: ಪ್ರವೇಶ ಟಿಕೆಟ್ ಎಷ್ಟು, ಅದರ ಮೇಲಿನ ಶೇ. 18 ಜಿಎಸ್‌ಟಿ ಸೇರಿದೆಯೇ, ಊಟ ಪಾರ್ಕಿನ ಒಳಗೋ ದಾರಿಯ ಹೋಟೆಲಿನಲ್ಲೋ, ಸೀಟು ತುಂಬದಿದ್ದರೆ ಬಸ್ಸು ಹೊರಡುತ್ತದೆಯೇ. ಬಾಯಿಮಾತಿನ ಬದಲು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ದುಡ್ಡಿಗಿಂತ ದೊಡ್ಡ ನಷ್ಟ ಸಮಯದ್ದು. ವಂಡರ್‌ಲಾ ಗೇಟು ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ ತೆರೆಯುತ್ತದೆ. ಮೊದಲ ಒಂದು ಗಂಟೆಯಲ್ಲಿ ದೊಡ್ಡ ರೈಡ್‌ಗಳ ಸಾಲು ಚಿಕ್ಕದಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದೇ ಸಾಲು ಬೆಳೆದು ನಿಂತಿರುತ್ತದೆ. ಚನ್ನರಾಯಪಟ್ಟಣದಲ್ಲಿ ಒಬ್ಬರನ್ನು ಹತ್ತಿಸಿಕೊಂಡು, ಬೆಳ್ಳೂರು ಕ್ರಾಸಿನಲ್ಲಿ ತಿಂಡಿಗೆ ಮುಕ್ಕಾಲು ಗಂಟೆ ನಿಂತ ಬಸ್ಸು ಗೇಟು ಮುಟ್ಟುವುದು ಹನ್ನೆರಡೂವರೆಗೆ. ಆಮೇಲೆ ಸಾಲಿನಲ್ಲಿ ನಿಲ್ಲುವುದೇ ಆಗುತ್ತದೆ.

ಕಾರಿನ ಲೆಕ್ಕ ಹೀಗೆ. ಹಾಸನದಿಂದ ಬಿಡದಿಗೆ ದಾರಿ ನೋಡಿಕೊಂಡು 180–200 ಕಿ.ಮೀ. ಕುಣಿಗಲ್‌ನಿಂದ ಮಾಗಡಿ ಮೇಲೆ ಹೋದರೆ ಹತ್ತಿರ, ನೆಲಮಂಗಲಕ್ಕೆ ಹೋಗಿ ನೈಸ್ ರಸ್ತೆ ಹಿಡಿದರೆ ದೂರ, ಆದರೆ ರಸ್ತೆ ಸಲೀಸು. ಹೋಗಿಬರಲು 400 ಕಿ.ಮೀ. ಎಂದಿಟ್ಟುಕೊಳ್ಳಿ. ಕಿ.ಮೀ.ಗೆ 20 ರೂಪಾಯಿ ಹೇಳಿದರೆ 8,000 ರೂ. ಆಯಿತು, ಚಾಲಕರ ಬಾಟಾ, ಟೋಲ್, ಪಾರ್ಕಿಂಗ್ ಬೇರೆ. ಹೊರಊರಿನ ಬಾಡಿಗೆಯಲ್ಲಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂಬ ಷರತ್ತು ಇದ್ದೇ ಇರುತ್ತದೆ. 300ರ ಷರತ್ತಿನಲ್ಲಿ ಒಂದು ರಾತ್ರಿ ಉಳಿದರೆ ಗಾಡಿ ಓಡಿದ್ದು 400 ಆದರೂ ಬಿಲ್ಲು 600 ಕಿ.ಮೀ.ಗೆ, ಅಂದರೆ 12,000 ರೂ. ‘ದಿನ’ ಎಂದರೆ ಹೊರಟಾಗಿನಿಂದ 24 ಗಂಟೆಯೋ, ರಾತ್ರಿ 12ಕ್ಕೆ ಮುಗಿಯುತ್ತದೆಯೋ ಎಂದೂ ಕೇಳಿ. ಹೆಚ್ಚಿನವರದು ರಾತ್ರಿ 12ರ ಲೆಕ್ಕ. ಬೆಳಗಿನ ಐದೂವರೆಗೆ ಹಾಸನ ಬಿಟ್ಟು, ಪಾರ್ಕ್ ಮುಚ್ಚುವ ಹೊತ್ತಿಗೆ ಹೊರಟರೆ 11ರೊಳಗೆ ಮನೆ ಸೇರಬಹುದು. ಒಂದೇ ದಿನದ ಬಾಡಿಗೆಯಲ್ಲಿ ಮುಗಿಯುತ್ತದೆ. ಚಿಕ್ಕಮಗಳೂರಿನವರಿಗೆ ಈ ಲೆಕ್ಕ ಒಗ್ಗುವುದಿಲ್ಲ. ಹೋಗಲೊಮ್ಮೆ, ಬರಲೊಮ್ಮೆ 60 ಕಿ.ಮೀ. ಹೆಚ್ಚು. ಅವರು ಹಿಂದಿನ ರಾತ್ರಿಯೇ ಬಿಡದಿ ಅಥವಾ ಕೆಂಗೇರಿ ಕಡೆ ತಂಗುವುದು ವಾಸಿ.

ಅತ್ತೆ–ಮಾವನ ವಿಷಯ. ರೈಡ್ ಹತ್ತದಿದ್ದರೂ ಒಳಗೆ ಬರುವ ಪ್ರತಿಯೊಬ್ಬರಿಗೂ ಟಿಕೆಟ್ ಬೇಕು. ಏಪ್ರಿಲ್ ಬಿಸಿಲಲ್ಲಿ ದಿನವಿಡೀ ಬ್ಯಾಗು, ಚಪ್ಪಲಿ ಕಾಯುವ ಕೆಲಸಕ್ಕೆ ಹಿರಿಯರನ್ನು ಟಿಕೆಟ್ ಕೊಟ್ಟು ಕರೆದೊಯ್ಯುವುದು ನಮಗಂತೂ ಸರಿಕಾಣುವುದಿಲ್ಲ. ಬ್ಯಾಗಿಗೆ ಲಾಕರ್ ಇದೆ. ಅವರಿಗೇ ಮನಸ್ಸಿದ್ದರೆ ಸಂತೋಷ. ಬುಕ್ ಮಾಡುವಾಗ ಹಿರಿಯ ನಾಗರಿಕರ ದರ ಆರಿಸಿ, ಆಧಾರ್ ಜೊತೆಗಿರಲಿ.

ನೀರಿನ ಆಟಕ್ಕೆ ನೈಲಾನ್ ಅಥವಾ ಲೈಕ್ರಾ ಬಟ್ಟೆಯೇ ಆಗಬೇಕು. ಹತ್ತಿ ಬಟ್ಟೆ, ಸೀರೆ, ವೇಲು ನಡೆಯುವುದಿಲ್ಲ. ಹತ್ತಿಯ ಎಳೆ ನೀರಿನ ಫಿಲ್ಟರ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ನೆನೆದ ಬಟ್ಟೆ ಮೈಗೂ ಭಾರ. ಊರಲ್ಲೇ ಕೊಂಡುಕೊಂಡರೆ ಅಗ್ಗ.

ಪ್ರಶ್ನೆ: ಮಗನಿಗೆ 10 ವರ್ಷ, ಎತ್ತರ ಜಾಸ್ತಿ. ಅರ್ಧ ಟಿಕೆಟ್ ಸಾಕಲ್ಲವೇ? — ಬೇಲೂರು

ವಂಡರ್‌ಲಾದಲ್ಲಿ ಮಕ್ಕಳ ವಯಸ್ಸು ಕೇಳುವುದಿಲ್ಲ, ಎತ್ತರ ನೋಡುತ್ತಾರೆ. 85 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ದೊಡ್ಡವರದು. ಬುಕ್ ಮಾಡುವ ಮೊದಲು ಮಗನನ್ನು ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ, ತಲೆ ಮೇಲೆ ಪುಸ್ತಕವನ್ನು ಅಡ್ಡಲಾಗಿಟ್ಟು ಗುರುತು ಹಾಕಿ, ಟೇಪಿನಲ್ಲಿ ಅಳೆಯಿರಿ. 138, 139 ಬಂದರೆ ಶೂ ಹಾಕಿಯೂ ಒಮ್ಮೆ ಅಳೆಯಿರಿ. ಗೇಟಿನಲ್ಲಿ ವ್ಯತ್ಯಾಸದ ಹಣ ಕಟ್ಟಬೇಕಾಗಬಹುದು. 140 ದಾಟಿದವರಿಗೆ ಒಂದು ಲಾಭವಿದೆ: ಭಾರೀ ರೈಡ್‌ಗಳು ಹಲವು ಆ ಎತ್ತರದಿಂದಲೇ ಶುರು. ಉದ್ದದ ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟನ್ನು 140 ಮುಟ್ಟದ ಮಗುವಿಗೆ ಕೊಂಡರೆ ದುಡ್ಡು ದಂಡ.

ಪ್ರಶ್ನೆ: 4 ಮತ್ತು 6 ವರ್ಷದ ಹೆಣ್ಣುಮಕ್ಕಳು. ಅಷ್ಟು ದೂರ ಹೋಗಲೇಬೇಕೇ? — ಹೊಳೆನರಸೀಪುರ

ಬೇಕಿಲ್ಲ. ಮೈಸೂರಿನ ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಈ ವಯಸ್ಸಿಗೆ ಸಾಕು. ಹಾಸನ–ಮೈಸೂರು ರೈಲು ನಿಮ್ಮೂರಲ್ಲೇ ನಿಲ್ಲುತ್ತದೆ. ಐದು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಡ. ಎರಡು ದಿನ ಇದ್ದರೆ ಮೃಗಾಲಯವನ್ನೂ ಸೇರಿಸಿಕೊಳ್ಳಿ, ಮಂಗಳವಾರ ಮಾತ್ರ ಅದಕ್ಕೆ ರಜೆ. ದಸರೆಯ ವಾರ ಬಿಡಿ, ಆಗ ಮೈಸೂರಿನ ರೂಮು ಬಾಡಿಗೆ ಕೈ ಸುಡುತ್ತದೆ.

ಪ್ರಶ್ನೆ: ಕಾಫಿ ಕುಯಿಲು ಮುಗಿದ ಮೇಲೆ ಮಕ್ಕಳನ್ನು ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಕರೆದೊಯ್ಯುವ ಆಸೆ. ಏಜೆಂಟರ ಪ್ಯಾಕೇಜ್ ಬೇಕೇ? — ಮೂಡಿಗೆರೆ

ವೀಸಾಕ್ಕೆ ಏಜೆಂಟರು ಬೇಕು, ಉಳಿದದ್ದು ನಿಮ್ಮಿಂದಾಗುತ್ತದೆ. ಸಿಂಗಪುರ ವೀಸಾಕ್ಕೆ ಭಾರತೀಯರು ಸಾಮಾನ್ಯವಾಗಿ ಅಲ್ಲಿನ ಸರ್ಕಾರದ ಮಾನ್ಯತೆ ಪಡೆದ ಏಜೆಂಟರ ಮೂಲಕವೇ ಅರ್ಜಿ ಹಾಕಬೇಕು. ಶುಲ್ಕ 30 ಸಿಂಗಪುರ ಡಾಲರ್, ಮೇಲೆ ಏಜೆಂಟರ ಸೇವಾ ಶುಲ್ಕ. ಮೊದಲು ಮಕ್ಕಳ ಪಾಸ್‌ಪೋರ್ಟ್ ತೆಗೆದು ನೋಡಿ. 15 ವರ್ಷದೊಳಗಿನವರಿಗೆ ಅದರ ಅವಧಿ ಹೆಚ್ಚೆಂದರೆ ಐದೇ ವರ್ಷ. ಪ್ರಯಾಣದ ದಿನಕ್ಕೆ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ‘ಎಸ್‌ಜಿ ಅರೈವಲ್ ಕಾರ್ಡ್’ ಎಂಬ ಪ್ರವೇಶ ಅರ್ಜಿಯನ್ನು ಸಿಂಗಪುರ ತಲುಪುವ ಮುಂಚಿನ ಮೂರು ದಿನದೊಳಗೆ ಅಲ್ಲಿನ ಸರ್ಕಾರಿ ತಾಣದಲ್ಲಿ ತುಂಬಬೇಕು. ಅದು ಉಚಿತ, ಹಣ ಕೇಳುವ ತಾಣ ಸರ್ಕಾರದ್ದಲ್ಲ.

ಪ್ಯಾಕೇಜನ್ನೇ ಕೊಳ್ಳುವುದಾದರೆ ‘ಲ್ಯಾಂಡ್ ಪ್ಯಾಕೇಜ್’ ಎಂಬ ಮಾತಿಗೆ ಕಿವಿಗೊಡಿ. ಅದರಲ್ಲಿ ವಿಮಾನದ ಟಿಕೆಟ್ ಇರುವುದಿಲ್ಲ. ‘ಎಸ್‌ಐಸಿ’ ಎಂದಿದ್ದರೆ ಹತ್ತಾರು ಜನರ ಜೊತೆ ಹಂಚಿಕೊಂಡ ಬಸ್ಸು. ಅದು ಬಂದಾಗ ಹತ್ತಬೇಕು, ಕರೆದಾಗ ಇಳಿಯಬೇಕು. ಯೂನಿವರ್ಸಲ್‌ಗೆ ಒಂದು ಇಡೀ ದಿನ ಕೊಟ್ಟಿದ್ದಾರೆಯೇ ನೋಡಿ. ಅಲ್ಲಿ 4ರಿಂದ 12 ವರ್ಷದವರಿಗೆ ಮಕ್ಕಳ ದರ, ಅಂದರೆ ಟಿಕೆಟ್‌ಗೆ ವಯಸ್ಸೇ ಲೆಕ್ಕ. ರೈಡ್‌ಗೆ ಮಾತ್ರ ಎತ್ತರ: ಮಮ್ಮಿ ರೈಡ್‌ಗೆ 122, ಬ್ಯಾಟಲ್‌ಸ್ಟಾರ್‌ಗೆ 125 ಸೆಂ.ಮೀ. ಬೇಕು.

ತೋಟದವರು ಮರೆಯುವ ಒಂದು ಖರ್ಚು ಟಿಸಿಎಸ್, ಅಂದರೆ ಮಾರುವವರೇ ಮೂಲದಲ್ಲಿ ವಸೂಲಿ ಮಾಡುವ ಆದಾಯ ತೆರಿಗೆ. ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ನಿಮ್ಮ ಪ್ಯಾನ್ ಮೇಲೆ ಈ ತೆರಿಗೆ ಹಿಡಿಯುತ್ತಾರೆ. ಅದು ನಿಮ್ಮ ವಾರ್ಷಿಕ ತೆರಿಗೆ ವಿವರದಲ್ಲಿ ಕಾಣುತ್ತದೆ. ವಾಪಸ್ ಬೇಕಾದರೆ ರಿಟರ್ನ್ಸ್ ಸಲ್ಲಿಸಲೇಬೇಕು. ಆದಾಯವೆಲ್ಲ ಕೃಷಿಯದು ಎಂದು ರಿಟರ್ನ್ಸ್ ಹಾಕದವರ ಹಣ ಅಲ್ಲೇ ಉಳಿಯುತ್ತದೆ. ವಿಮಾನವನ್ನು ಒಂದು ಕಡೆ, ಹೋಟೆಲನ್ನು ಇನ್ನೊಂದು ಕಡೆ ನೀವೇ ಬುಕ್ ಮಾಡಿದರೆ ಅದು ಪ್ಯಾಕೇಜ್ ಆಗುವುದಿಲ್ಲ. ಮೂಡಿಗೆರೆಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಆರೇಳು ಗಂಟೆ ದಾರಿ, ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ನಸುಕಿನ ವಿಮಾನಕ್ಕಿಂತ ರಾತ್ರಿಯದು ನಿಮಗೆ ಅನುಕೂಲ.

ಪ್ರಶ್ನೆ: ‘ಅರ್ಧ ಬೆಲೆಗೆ ಪಾರ್ಕ್ ಟಿಕೆಟ್’ ಎಂಬ ಜಾಹೀರಾತು ಮೊಬೈಲಿನಲ್ಲಿ ಬರುತ್ತಿದೆ. ನಂಬಬಹುದೇ? — ಅರಕಲಗೂಡು

ಪಾರ್ಕಿನವರೂ ರಿಯಾಯಿತಿ ಕೊಡುತ್ತಾರೆ, ಹಾಗಾಗಿ ಬೆಲೆ ಕಡಿಮೆ ಎಂಬುದೊಂದೇ ಮೋಸದ ಗುರುತಲ್ಲ. ಜಾಹೀರಾತಿನ ಲಿಂಕ್ ಒತ್ತದೆ ಪಾರ್ಕಿನ ತಾಣದ ಹೆಸರನ್ನು ನೀವೇ ಟೈಪ್ ಮಾಡಿ ಹೋಗಿ. ಆ ರಿಯಾಯಿತಿ ಅಲ್ಲೂ ಇದ್ದರೆ ನಿಜ. ಯುಪಿಐನಲ್ಲಿ ಪಿನ್ ಒತ್ತುವ ಮುನ್ನ ಹಣ ಯಾರಿಗೆ ಎಂದು ತೋರಿಸುವ ಸಾಲು ಓದಿ. ಕಂಪನಿಯ ಬದಲು ಯಾರೋ ವ್ಯಕ್ತಿಯ ಹೆಸರಿದ್ದರೆ ಅಲ್ಲೇ ನಿಲ್ಲಿಸಿ. ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ ಹಣ ಮೋಸಗಾರರ ಖಾತೆಯಿಂದ ಮುಂದಕ್ಕೆ ಹೋಗುವುದರೊಳಗೆ ದೂರು ಬಿದ್ದರೆ ತಡೆಹಿಡಿಯುವ ಅವಕಾಶ ಇರುತ್ತದೆ.